ಹಾರಿಹೋದ ಪಾದರಸ ಎಲ್ಲಿ ಇಳಿದಿದೆ, ಹುಡುಕಿಸಿ ಸ್ವಾಮಿ

ದಾವಣಗೆರೆ ಮತ್ತು ಚಿತ್ರದುರ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ, ಜೊತೆಗೆ ಇದನ್ನು ಓದುತ್ತಿರುವ ನಮ್ಮ ಎರಡೂ ಜಿಲ್ಲೆಯ ಜನರಿಗೆ ನಮಸ್ಕಾರ.

ನಾನು ದಾವಣಗೆರೆಯ ಹಳೇ ಪೇಟೆಯ ಒಬ್ಬ ಅಕ್ಕಸಾಲಿಯ ಮಗ. ನಾನೂ ಹದಿನೈದು ವರ್ಷ ಅಗ್ಗಿಷ್ಟಿಕೆ ಮುಂದೆ ಕೂತು ಅದೇ ಕೆಲಸ ಮಾಡಿದ್ದೇನೆ. ವಿಜ್ಞಾನಿ ಅಲ್ಲ, ಹೋರಾಟಗಾರನೂ ಅಲ್ಲ. ಆದರೆ ಚಿನ್ನಕ್ಕೂ ಪಾದರಸಕ್ಕೂ ಇರುವ ನಂಟನ್ನು ಹತ್ತಿರದಿಂದ ನೋಡಿದ್ದೇನೆ. ಈ ಪತ್ರ ಬರೆಯೋಕೆ ಅದೇ ಕಾರಣ.

ನಮ್ಮಪ್ಪ ದೇವರ ಮುಖವಾಡಗಳಿಗೆ ಚಿನ್ನದ ಮುಲಾಮು, ಅಂದರೆ ಚಿನ್ನದ ಲೇಪ, ಹಾಕುತ್ತಿದ್ದರು. ಸುತ್ತಮುತ್ತಲ ಹಳ್ಳಿಗಳಿಂದ ಜಾತ್ರೆಗೆ ಮುಂಚೆ ಬೆಳ್ಳಿ ಮುಖವಾಡ ತರುತ್ತಿದ್ದರು. ಅಪ್ಪ ತೆಳ್ಳಗೆ ತಟ್ಟಿದ ಚಿನ್ನವನ್ನು ಚೂರು ಮಾಡಿ ಪಾದರಸಕ್ಕೆ ಹಾಕಿ ಅರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಿನ್ನ ಕಾಣೆಯಾಗುತ್ತಿತ್ತು. ಬಟ್ಟಲಲ್ಲಿ ಉಳಿಯುತ್ತಿದ್ದದ್ದು ಬೆಣ್ಣೆಯಂಥ ಬಿಳೀ ಮುದ್ದೆ. ಅದನ್ನು ಮುಖವಾಡಕ್ಕೆ ಸವರಿ ಕೆಂಡದ ಮೇಲೆ ಹಿಡಿಯುತ್ತಿದ್ದರು. ಬೆಳ್ಳಗಿದ್ದ ದೇವರ ಮುಖ ಕಣ್ಣೆದುರೇ ಹಳದಿಗೆ ತಿರುಗುತ್ತಿತ್ತು. ಮೊದಲು ಮೂಗು, ಆಮೇಲೆ ಕೆನ್ನೆ, ಕೊನೆಗೆ ಕಿವಿ. ನನಗೆ ಆಗ ಏಳೆಂಟು ವರ್ಷ. ನೋಡೋಕೆ ಅಂತ ಮುಖ ಒಡ್ಡಿಕೊಂಡು ಕೂರುತ್ತಿದ್ದೆ.

"ಪಾದರಸ ಎಲ್ಲಿ ಹೋಯ್ತಪ್ಪಾ?" ಅಂತ ಒಂದು ದಿನ ಕೇಳಿದೆ.

"ಹಾರಿ ಹೋಯ್ತು ಮಗಾ" ಅಂದರು.

ಅಪ್ಪನಿಗೆ ಐವತ್ತೈದು ದಾಟುವಾಗ ಕೈ ನಡುಗೋಕೆ ಶುರುವಾಯಿತು. ಚಿಮಟದಲ್ಲಿ ಹರಳು ಹಿಡಿಯೋಕೆ ಆಗುತ್ತಿರಲಿಲ್ಲ. ವಸಡಿನಲ್ಲಿ ರಕ್ತ, ಸುಮ್ಸುಮ್ನೆ ಸಿಟ್ಟು, ರಾತ್ರಿ ನಿದ್ದೆ ಇಲ್ಲ. ಇದು ಪಾದರಸದಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ನಾನೂ ಹಾಗೆ ಆಣೆ ಮಾಡಿ ಹೇಳಲ್ಲ. ಆದರೆ ಪಾದರಸದ ಹೊಗೆ ತುಂಬಾ ದಿನ ಕುಡಿದವರಿಗೆ ಏನೇನಾಗುತ್ತದೆ ಅಂತ ಆಮೇಲೆ ಓದಿದಾಗ, ನಮ್ಮ ಮನೆಯ ಕಥೆಯನ್ನೇ ಯಾರೋ ಬರೆದಂತಿತ್ತು. ಪಾದರಸ ನುಂಗಿದರೆ ಮೈಗೆ ಸೇರುವುದು ತೀರಾ ಕಡಿಮೆ. ಅದರ ಹಬೆ ಮೂಗಿಗೆ ಹೋದರೆ ಸುಮಾರು ನೂರಕ್ಕೆ ಎಂಬತ್ತು ಭಾಗ ರಕ್ತಕ್ಕೆ ಸೇರುತ್ತದೆ. ಮಿದುಳಿಗೆ ಹೋಗುತ್ತದೆ, ಮೂತ್ರಪಿಂಡದಲ್ಲಿ ಕೂರುತ್ತದೆ. ನಾವು ಮಕ್ಕಳು ಪಾದರಸವನ್ನು ಬಾಯಿಗೆ ಹಾಕಿಕೊಳ್ಳದ ಹಾಗೆ ಮನೆಯವರು ಕಾಯುತ್ತಿದ್ದರು. ಹೊಗೆಯ ಮುಂದೆ ಕೂತರೆ ಯಾರೂ ಏಳು ಅನ್ನುತ್ತಿರಲಿಲ್ಲ.

ಇಷ್ಟು ನಮ್ಮ ಮನೆ ವಿಷಯ. ಈಗ ಬೀದಿಗೆ ಬರುತ್ತೇನೆ.

ಬೆಳಗಿನ ಜಾವ ಐದು ಗಂಟೆಗೆ ಚಿನ್ನ ಬೆಳ್ಳಿ ಕೆಲಸದ ಓಣಿಗಳಿಗೆ ಒಮ್ಮೆ ಬನ್ನಿ. ಅಂಗಡಿಗಳ ಮುಂದೆ ಧೂಳು ಗುಡಿಸುವವರು ಕಾಣುತ್ತಾರೆ. ತಂತಿ ಬ್ರಷ್ಷಿನಲ್ಲಿ ಚರಂಡಿಯ ಕಲ್ಲುಸಂದಿ ಕೆರೆದು ಕೆಸರನ್ನು ಬಕೆಟ್ಟಿಗೆ ತುಂಬುತ್ತಾರೆ. ಅಕ್ಕಸಾಲಿಯ ಅರದಿಂದ ಉದುರಿದ ಚಿನ್ನದ ಪುಡಿ ಅದರಲ್ಲಿರುತ್ತದೆ. ಆ ಕೆಸರನ್ನು ಬಾಂಡ್ಲಿಯಲ್ಲಿ ತೊಳೆದು ತೊಳೆದು, ಕೊನೆಗೆ ಉಳಿದ ಕರೀ ಮರಳಿಗೆ ಪಾದರಸ ಹಾಕಿ ಕೈಯಲ್ಲೇ ಕಲೆಸುತ್ತಾರೆ. ಮಣ್ಣಿನಲ್ಲಿ ಚಿನ್ನ ಎಲ್ಲಿದ್ದರೂ ಪಾದರಸ ಹುಡುಕಿ ಹಿಡಿಯುತ್ತದೆ. ಆಮೇಲೆ ಬಟ್ಟೆಯಲ್ಲಿ ಹಿಂಡುತ್ತಾರೆ. ಹಿಂಡಿ ಉಳಿದ ಉಂಡೆಯನ್ನು ಬೆಂಕಿಗೆ ಇಡುತ್ತಾರೆ.

ಒಬ್ಬ ಅಕ್ಕನ ಮನೆಗೆ ಹೋಗಿದ್ದೆ. ಒಂದೇ ಕೋಣೆ. ಕೆಮ್ಮಿನ ಔಷಧದ ಸಣ್ಣ ಬಾಟಲಿಯಲ್ಲಿ ಪಾದರಸ ಇಟ್ಟಿದ್ದರು. ಆ ಪುಟ್ಟ ಬಾಟಲಿಯನ್ನು ಎತ್ತಿದರೆ ಕೈ ಜಗ್ಗುತ್ತದೆ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ ಅದು. ಕಡಲೆಕಾಳಿನಷ್ಟು ಉಂಡೆಯನ್ನು ಹಳೇ ಚಮಚದಲ್ಲಿಟ್ಟು ಗ್ಯಾಸ್ ಒಲೆಯ ಮೇಲೆ ಹಿಡಿದರು. ಪಕ್ಕದ ಒಲೆಯಲ್ಲಿ ಅನ್ನ ಕುದಿಯುತ್ತಿತ್ತು. ಹಿಂದೆ ಮಗು ಮಲಗಿತ್ತು. ಹೊಗೆ ಕಣ್ಣಿಗೆ ಕಾಣಲೇ ಇಲ್ಲ, ವಾಸನೆಯೂ ಬರಲಿಲ್ಲ. ಉಂಡೆ ಕುಗ್ಗುತ್ತಾ ಬಂತು, ಮಂಕಾಯಿತು, ಆಮೇಲೆ ಹಳದಿ ಚುಕ್ಕೆ ಕಂಡಿತು.

"ಕಿಟಕಿಯಾದ್ರೂ ತೆಗಿ ಅಕ್ಕಾ" ಅಂದೆ.

"ಗಾಳಿಗೆ ಒಲೆ ಆರ್ತದೆ ಅಣ್ಣಾ" ಅಂದರು.

ಆ ಅಕ್ಕನ ಮೇಲೆ ಕೇಸು ಹಾಕಿ ಅಂತ ನಾನು ಈ ಪತ್ರ ಬರೆಯುತ್ತಿಲ್ಲ. ದಯವಿಟ್ಟು ಅದನ್ನು ಮೊದಲೇ ಸರಿಯಾಗಿ ಗಮನಿಸಿ.

ಆ ಒಲೆಯ ಮುಂದೆ ನಡೆದದ್ದೇ ಜಗತ್ತಿನ 70ಕ್ಕೂ ಹೆಚ್ಚು ದೇಶಗಳ ಸಣ್ಣ ಚಿನ್ನದ ಗಣಿಗಳಲ್ಲಿ ದಿನಾ ನಡೆಯುತ್ತಿದೆ. ಪೆರು, ಘಾನಾ, ಇಂಡೋನೇಷ್ಯಾ, ಅಮೆಜಾನ್ ಕಾಡು, ಎಲ್ಲಾ ಕಡೆ ಇದೇ ಬಟ್ಟೆ, ಇದೇ ಉಂಡೆ, ಇದೇ ಬೆಂಕಿ. ಒಂದು ಕೋಟಿಯಿಂದ ಎರಡು ಕೋಟಿ ಜನ ಈ ಕೆಲಸದಲ್ಲಿದ್ದಾರೆ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದ ಪ್ರಕಾರ 2015ರಲ್ಲಿ ಮನುಷ್ಯರ ಕೆಲಸದಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,200 ಟನ್. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ಸಣ್ಣ ಗಣಿಗಳದ್ದು. ಕಲ್ಲಿದ್ದಲು ಸುಡುವುದರಿಂದ ಬರುವುದಕ್ಕಿಂತಲೂ ಇದೇ ಹೆಚ್ಚು. ಬೆಂಕಿಗೆ ಹೋದದ್ದು ಗಾಳಿಗೆ ಸೇರಿ ಎಲ್ಲೋ ಮಳೆ ಜೊತೆ ಇಳಿಯುತ್ತದೆ. ತೊಳೆಯುವಾಗ ಜಾರಿದ್ದು ಮಣ್ಣಿಗೆ, ಹಳ್ಳಕ್ಕೆ ಹೋಗುತ್ತದೆ.

ಹೋದ ಮೇಲೆ? ಸಮಸ್ಯೆ ಇರುವುದೇ ಅಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು ಹಿಡಿದದ್ದು 1849ರ ಸುಮಾರಿಗೆ. ಆ ಕಾಲದ ಗಣಿಗಳಿಂದ ಹರಿದ ಪಾದರಸ ಅಲ್ಲಿನ ನದಿಗಳ ಕೆಸರಲ್ಲಿ ಇವತ್ತಿಗೂ ಇದೆ. ಇಂಥ ಮೀನನ್ನು ಇಷ್ಟಕ್ಕಿಂತ ಹೆಚ್ಚು ತಿನ್ನಬೇಡಿ ಅಂತ ಅಲ್ಲಿನ ಸರ್ಕಾರ ಈಗಲೂ ಬೋರ್ಡ್ ಹಾಕುತ್ತದೆ. ಅಗೆದವರು ಸತ್ತು ನೂರು ವರ್ಷದ ಮೇಲಾಯಿತು.

ಕೆಸರಿನಲ್ಲಿ ಗಾಳಿ ಆಡದ ಕಡೆ ಕೆಲವು ಸೂಕ್ಷ್ಮಜೀವಿಗಳಿರುತ್ತವೆ. ಅವು ಈ ಪಾದರಸವನ್ನು ಮೀಥೈಲ್ ಪಾದರಸ ಅನ್ನುವ ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ. ಅದು ಪಾಚಿಗೆ ಸೇರುತ್ತದೆ. ಪಾಚಿ ತಿಂದ ಹುಳ, ಹುಳ ತಿಂದ ಸಣ್ಣ ಮೀನು, ಸಣ್ಣ ಮೀನು ತಿಂದ ಕೊರವ ಮೀನು. ಒಂದೊಂದು ಮೆಟ್ಟಿಲಿಗೂ ಹೆಚ್ಚುತ್ತಾ ಹೋಗುತ್ತದೆ. ಕೊನೆಯ ಮೆಟ್ಟಿಲಲ್ಲಿ ನಾವಿದ್ದೇವೆ. ಬಸುರಿ ತಿಂದರೆ ಹೊಟ್ಟೆಯ ಕೂಸಿನ ಮಿದುಳಿಗೆ ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ ಆದದ್ದು ಇದೇ ವಿಷದಿಂದ. ಅಲ್ಲಿ ಗಣಿ ಇರಲಿಲ್ಲ, ರಾಸಾಯನಿಕ ಕಾರ್ಖಾನೆಯ ನೀರು ಸಮುದ್ರಕ್ಕೆ ಬಿಡುತ್ತಿದ್ದರು. ಜನಕ್ಕಿಂತ ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಕುಣಿದು ಸತ್ತವು. 1956ರಲ್ಲಿ ಕಾಯಿಲೆ ಸರ್ಕಾರದ ದಾಖಲೆಗೆ ಬಂತು. ವಿಷದ ನೀರು ಪೂರಾ ನಿಂತದ್ದು 1968ರಲ್ಲಿ. ಹನ್ನೆರಡು ವರ್ಷ, ಗೊತ್ತಿದ್ದೂ. ಅದೇ ಊರಿನ ಹೆಸರಿನಲ್ಲಿ ಪಾದರಸದ ಮೇಲೆ ಅಂತರರಾಷ್ಟ್ರೀಯ ಒಪ್ಪಂದ ಆಗಿದೆ. ಭಾರತ 2018ರಲ್ಲಿ ಅದನ್ನು ಅನುಮೋದಿಸಿದೆ. ಚಿನ್ನದ ಉಂಡೆಯನ್ನು ಬಯಲಲ್ಲಿ ಸುಡುವುದು, ಜನ ವಾಸಿಸುವ ಕಡೆ ಸುಡುವುದು, ಚಿನ್ನ ಬಿಡಿಸೋಕೆ ಅಂತ ಪಾದರಸ ತಗುಲಿದ ಮಣ್ಣಿಗೆ ಹಾಗೇ ಸೈನೈಡ್ ಹಾಕುವುದು, ಇವನ್ನು ಮೊದಲು ನಿಲ್ಲಿಸಬೇಕು ಅಂತ ಸಣ್ಣ ಗಣಿಗಳ ಬಗ್ಗೆ ಅದರಲ್ಲಿ ಬರೆದಿದೆ. ಆ ಅಕ್ಕನ ಕೋಣೆ ಗಣಿ ಅಲ್ಲದೆ ಇರಬಹುದು. ಹೊಗೆ ಅದೇ ಅಲ್ವಾ?

ನಮ್ಮ ಜಿಲ್ಲೆಗಳಿಗೂ ಗಣಿಗೂ ಏನು ಸಂಬಂಧ ಅಂತ ಕೇಳಬೇಡಿ. ಹೊನ್ನಾಳಿಯ ಹೆಸರಲ್ಲೇ ಹೊನ್ನಿದೆ. ಹೊನ್ನಾಳಿ, ನ್ಯಾಮತಿ ಕಡೆ ಕುದುರೆಕೊಂಡ, ಪಾಲವನಹಳ್ಳಿ ಸುತ್ತ ಬ್ರಿಟಿಷರ ಕಾಲದಲ್ಲೇ ಚಿನ್ನಕ್ಕೆ ಅಗೆದಿದ್ದಾರೆ. ಆ ಕಾಲದಲ್ಲಿ ಅದಿರು ಕುಟ್ಟಿ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುವುದೇ ಎಲ್ಲಾ ಕಡೆ ವಾಡಿಕೆ. ಕೋಲಾರದಲ್ಲೂ ಹಾಗೇ ಶುರುವಾದದ್ದು, ಸೈನೈಡ್ ಬಂದದ್ದು ಆಮೇಲೆ. ಪಕ್ಕದ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಗುರುತಿಸಿದ್ದಾರೆ. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ಹಾಯುವ ಹಳೇ ಶಿಲಾಪಟ್ಟಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇ ಚಿತ್ರದುರ್ಗದ್ದು. ದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆಯಿತು. ಆಮೇಲೆ ಆ ಘಟಕ ಹಟ್ಟಿ ಚಿನ್ನದ ಗಣಿ ಕಂಪನಿಗೆ ಸೇರಿತು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನದ ಅದಿರನ್ನು ಅಲ್ಲಿಗೆ ತಂದು ಅರೆದರು. ಅರೆದು ಉಳಿದ ಬೂದು ಮಣ್ಣು ಅಲ್ಲೇ ಗುಡ್ಡೆಯಾಗಿದೆ.

ಇಂಗಳದಾಳಿನಲ್ಲಿ ಪಾದರಸ ಬಳಸಿದರು ಅಂತ ನಾನು ದೂರುತ್ತಿಲ್ಲ. ಈಗಿನ ದೊಡ್ಡ ಗಣಿಗಳು ಸೈನೈಡ್ ಬಳಸುತ್ತವೆ. ಸೈನೈಡ್ ಕೂಡಲೇ ಕೊಲ್ಲುವ ವಿಷ, ಆದರೆ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ. ಪಾದರಸ ಒಡೆಯುವುದಿಲ್ಲ, ಅದು ಮೂಲಧಾತು. ಚಿನ್ನ ತಾಮ್ರದ ಗಂಧಕ ಸೇರಿದ ಅದಿರಿನಲ್ಲಿ ಆರ್ಸೆನಿಕ್, ಸೀಸ, ಒಮ್ಮೊಮ್ಮೆ ಪಾದರಸವೂ ಮೊದಲೇ ಇರುತ್ತದೆ. ನೆಲದೊಳಗೆ ಗಟ್ಟಿಯಾಗಿ ಕೂತದ್ದನ್ನು ಹಿಟ್ಟು ಮಾಡಿ ಮೇಲೆ ಸುರಿದರೆ ಮಳೆ ನೀರಿಗೆ ದಾರಿ ಸಿಗುತ್ತದೆ. ಹಾಗಾಗಿ ಗುಡ್ಡೆಯನ್ನೂ ಅದರ ಕೆಳಗಿನ ಹಳ್ಳವನ್ನೂ ನೋಡಬೇಕು ಅನ್ನುವುದು ನನ್ನ ಮಾತು.

ಇದು ಸುಮ್ನೆ ಹೆದರಿಸೋ ಮಾತು ಅನ್ನಿಸಿದರೆ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ನೆನಪಿಸಿಕೊಳ್ಳಿ. ಹಳೇ ಚಿನ್ನದ ಗಣಿ ಸೀಮೆ ಅದು. ಅಲ್ಲಿನ ಜನ ಆರ್ಸೆನಿಕ್ ಇದ್ದ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದರು. ಅಂಗೈ ಅಂಗಾಲಿನ ಚರ್ಮ ಗಂಟು ಗಂಟಾಗಿ ಒಡೆದ ಮೇಲೆ, ಕೆಲವರಿಗೆ ಕ್ಯಾನ್ಸರ್ ಆದ ಮೇಲೆ, ನೀರನ್ನು ಪರೀಕ್ಷೆ ಮಾಡಿದರು. ಅಲ್ಲಿ ಸಿಕ್ಕಿದ್ದು ಆರ್ಸೆನಿಕ್, ನಾನು ಬರೆಯುತ್ತಿರುವುದು ಪಾದರಸದ ಬಗ್ಗೆ. ಒಪ್ಪುತ್ತೇನೆ. ಆದರೆ ಲ್ಯಾಬ್ ಮಾಡಬೇಕಾದ ಕೆಲಸವನ್ನು ಆ ಜನರ ಮೈ ಮಾಡಿತು. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ನನ್ನ ಕೋರಿಕೆ ಇಷ್ಟೇ. ಕೆಸರನ್ನು ಪರೀಕ್ಷೆ ಮಾಡಿಸಿ.

ಯಾಕೆ ಕೆಸರು ಅಂತ ಹೇಳುತ್ತೇನೆ. ಕುಡಿಯುವ ನೀರಿನಲ್ಲಿ ಪಾದರಸ ಒಂದು ಲೀಟರಿಗೆ 0.001 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಇದೆ. ನೀರಿನ ಬಾಟಲಿ ಲ್ಯಾಬಿಗೆ ಹೋಗಿ 'ಮಿತಿಯೊಳಗಿದೆ' ಅಂತ ಕಾಗದ ಬಂದರೆ ಫೈಲ್ ಮುಚ್ಚಿಬಿಡುತ್ತಾರೆ. ಆದರೆ ಪಾದರಸ ಭಾರದ್ದು, ಮಣ್ಣಿನ ಕಣಕ್ಕೆ ಅಂಟಿಕೊಳ್ಳುವಂಥದ್ದು. ಮೇಲಿನ ನೀರು ತಿಳಿಯಾಗಿದ್ದು ಕೆಳಗಿನ ರಾಡಿಯಲ್ಲಿ ಕೂತಿರಬಹುದು. ಮೀನಿನಲ್ಲಿ ಕೂತಿರಬಹುದು. ಇನ್ನೊಂದು ವಿಷಯ, ಹಳ್ಳಿಗಳಿಗೆ ಕೊಡುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಇವನ್ನು ನೋಡುತ್ತಾರೆ. ನಮ್ಮ ಚಿತ್ರದುರ್ಗದ ಫ್ಲೋರೈಡ್ ಹಾವಳಿಗೆ ಅದು ಬೇಕೇ ಬೇಕು. ಪಾದರಸಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ಯಂತ್ರ ಬೇಕು. ಮಾದರಿ ತೆಗೆಯುವ ಬಾಟಲಿಯೂ ಬೇರೆ, ತೊಳೆದು ಆಸಿಡ್ ಹಾಕಿ ತಯಾರು ಮಾಡಿದ್ದೇ ಆಗಬೇಕು. ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿ ಮೂರು ದಿನ ಜೀಪಿನಲ್ಲಿ ಇಟ್ಟರೆ ಪಾದರಸ ಬಾಟಲಿಯ ಗೋಡೆಗೇ ಅಂಟಿ, ಲೆಕ್ಕ ಕಡಿಮೆ ಬರುತ್ತದೆ.

ಹಾಗಾಗಿ ಇಂಗಳದಾಳಿನ ಗುಡ್ಡೆಯ ಕೆಳಗಿನ ಹಳ್ಳದ ಕೆಸರು. ಹೊನ್ನಾಳಿ ನ್ಯಾಮತಿಯ ಹಳೇ ಗಣಿ ಜಾಗದ ಮಣ್ಣು, ಅಲ್ಲಿಂದ ತುಂಗಭದ್ರೆಗೆ ಇಳಿಯುವ ಹಳ್ಳಗಳ ಮರಳು. ದಾವಣಗೆರೆಯಲ್ಲಿ ಚಿನ್ನದ ಕೆಲಸದ ಓಣಿಗಳ ಚರಂಡಿ, ಆ ಚರಂಡಿ ಊರಾಚೆ ಸೇರುವ ಜಾಗ. ಆ ನೀರಲ್ಲಿ ಸೊಪ್ಪು ಬೆಳೆಯುವವರ ಹೊಲದ ಮಣ್ಣು. ಸೂಳೆಕೆರೆ ಮತ್ತು ಮಾರಿಕಣಿವೆಯ ಮೀನು, ಅದರಲ್ಲೂ ಬೇರೆ ಮೀನು ತಿಂದು ಬೆಳೆಯುವ ಕೊರವದಂಥ ಮೀನು. ಆ ಎರಡು ಕೆರೆಗಳಲ್ಲಿ ಏನೋ ಇದೆ ಅಂತ ಅಲ್ಲ. ಇಲ್ಲ ಅಂತ ಗೊತ್ತಾದರೆ ಮೀನು ಹಿಡಿಯುವವರಿಗೂ ತಿನ್ನುವವರಿಗೂ ಧೈರ್ಯ. ಜೊತೆಗೆ ನಾಳೆ ಇಲ್ಲಿ ಯಾರಾದರೂ ಹೊಸ ಗಣಿ ತೆರೆದರೆ, ಅವರು ಬರುವ ಮುಂಚೆ ನೆಲ ಹೇಗಿತ್ತು ಅನ್ನುವ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಆ ಲೆಕ್ಕ ಇಲ್ಲದೆ ಹೋದರೆ 'ಮೊದಲಿಂದಲೂ ಹೀಗೇ ಇತ್ತು' ಅಂದುಬಿಡುತ್ತಾರೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ಆ ರೇಟಿಗೆ ಹಿಂದೆ ಲಾಭ ಇಲ್ಲ ಅಂತ ಬಿಟ್ಟ ಮಣ್ಣನ್ನೂ ಮತ್ತೆ ತೊಳೆಯೋಕೆ ಜನ ಬಂದೇ ಬರುತ್ತಾರೆ. ಕೋಲಾರದ ಸೈನೈಡ್ ಗುಡ್ಡಗಳ ಕೋಟಿಗಟ್ಟಲೆ ಟನ್ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಮಾತು ಆಗಲೇ ನಡೆದಿದೆ.

ದುಡ್ಡಿಲ್ಲ ಅನ್ನಬೇಡಿ. 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಯವರು ಹಣ ಕಟ್ಟುತ್ತಾರೆ. ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರಿನಿಂದ ಆ ಹಣ ಬರುತ್ತದೆ. ಗಣಿಯಿಂದ ತೊಂದರೆಯಾದ ಊರುಗಳ ಕುಡಿಯುವ ನೀರು, ಆರೋಗ್ಯ, ಪರಿಸರಕ್ಕೆ ಮೊದಲ ಆದ್ಯತೆ ಕೊಡಬೇಕು ಅಂತ ನಿಯಮವೇ ಇದೆ. ಮಣ್ಣು, ಮೀನು ಪರೀಕ್ಷೆ ಮಾಡಿಸುವುದು ಅದರೊಳಗೆ ಬಾರದೆ ಇನ್ನೇನು ಬರುತ್ತದೆ?

ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ಯಾವ ಜಾಗ, ಎಷ್ಟು ಸಿಕ್ಕಿತು, ಎಷ್ಟಿರಬೇಕು. ಮೂರು ಸಾಲು ಸಾಕು.

ಇನ್ನು ಧೂಳು ತೊಳೆಯುವವರ ವಿಷಯ. ನನಗೆ ಜಾಸ್ತಿ ಭಯ ಇರುವುದು ಇಲ್ಲಿ. ಈ ಪತ್ರ ಓದಿ ಯಾರಾದರೂ ಅಧಿಕಾರಿ ಪೊಲೀಸರನ್ನು ಕಳಿಸಿ ಬಾಂಡ್ಲಿ, ಒಲೆ ಕಿತ್ತುಕೊಂಡು ಬಂದರೆ ನಾನು ಬರೆದದ್ದೇ ತಪ್ಪಾಗುತ್ತದೆ. ಆ ಜನ ಊರಾಚೆಗೆ ಹೋಗಿ, ಕೆರೆ ಬದಿಯಲ್ಲಿ ಕದ್ದು ಸುಡುತ್ತಾರೆ ಅಷ್ಟೇ. ಅವರಿಗೆ ಬಟ್ಟಿ ಕೊಡಿ. ಮುಚ್ಚಿದ ಕಬ್ಬಿಣದ ಡಬ್ಬಿ, ಅದರಿಂದ ಒಂದು ಬಾಗಿದ ಕೊಳವೆ, ಕೊಳವೆಯ ತುದಿ ತಣ್ಣೀರಿನ ಮೇಲೆ. ಉಂಡೆಯನ್ನು ಡಬ್ಬಿಯೊಳಗೆ ಇಟ್ಟು ಕಾಯಿಸಿದರೆ ಹೊಗೆ ಕೊಳವೆಯಲ್ಲಿ ತಣ್ಣಗಾಗಿ ಮತ್ತೆ ಪಾದರಸವಾಗಿ ತೊಟ್ಟಿಕ್ಕುತ್ತದೆ. ಸರಿಯಾಗಿ ಮಾಡಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ವಾಪಸ್ ಸಿಗುತ್ತದೆ. ನಮ್ಮ ಊರಿನ ಯಾವ ವೆಲ್ಡಿಂಗ್ ಅಂಗಡಿಯವನಾದರೂ ಮಾಡಿಕೊಡಬಲ್ಲ. ಪಾದರಸಕ್ಕೆ ದುಡ್ಡು ಕೊಟ್ಟು ತರುವವರು ಅವರು, ವಾಪಸ್ ಸಿಕ್ಕರೆ ಬೇಡ ಅನ್ನುತ್ತಾರಾ? ಅದನ್ನೂ ಮನೆಯೊಳಗೆ ಬೇಡ. ನಗರಪಾಲಿಕೆ ಗಾಳಿ ಎಳೆಯುವ ಚಿಮಣಿ ಇರುವ ಒಂದು ಶೆಡ್ ಹಾಕಿಕೊಡಲಿ, ಎಲ್ಲರೂ ಅಲ್ಲೇ ಬಂದು ಮಾಡಲಿ.

ಪಾದರಸವೇ ಬೇಡದ ದಾರಿಯೂ ಇದೆ. ಫಿಲಿಪ್ಪೀನ್ಸ್‌ನ ಬೆಂಗೆಟ್ ಅನ್ನುವ ಗುಡ್ಡಗಾಡಿನಲ್ಲಿ ಸಣ್ಣ ಗಣಿಯವರು ಭಾರದ ಮರಳನ್ನು ಚೆನ್ನಾಗಿ ತೊಳೆದು ಉಳಿಸಿ, ಅದಕ್ಕೆ ಬಿಳಿಗಾರ ಹಾಕಿ ಕರಗಿಸಿ ಚಿನ್ನ ಇಳಿಸುತ್ತಾರೆ. ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಬಿಳಿಗಾರ! ಪ್ರತಿ ಅಕ್ಕಸಾಲಿಯ ಪೆಟ್ಟಿಗೆಯಲ್ಲಿ ಬೆಸುಗೆಗೆ ಅಂತ ಇರುವ ಬಿಳೀ ಪುಡಿ. ನಮ್ಮಪ್ಪನ ಎಡಗೈ ಪಕ್ಕದಲ್ಲಿ ಬಿಳಿಗಾರದ ಬಟ್ಟಲು, ಬಲಗೈ ಪಕ್ಕದಲ್ಲಿ ಪಾದರಸದ ಬಾಟಲಿ ಇರುತ್ತಿದ್ದವು. ಮುಲಾಮಿಗೆ ಬಿಳಿಗಾರ ಆಗುವುದಿಲ್ಲ, ಅದು ಬೇರೆ ಕೆಲಸ. ಆದರೆ ಚರಂಡಿಯ ಮರಳಿಂದ ಚಿನ್ನ ತೆಗೆಯುವ ಅಕ್ಕನಿಗೆ ಇದನ್ನು ಕಲಿಸಬಹುದು. ಕಲಿಸೋಕೆ ನಮ್ಮ ಊರಲ್ಲೇ ಮೂಸೆ ಹಿಡಿದು ಪಳಗಿದ ಹಿರಿಯ ಅಕ್ಕಸಾಲಿಗಳಿದ್ದಾರೆ. ಕರೆದರೆ ನಾನೂ ಬರುತ್ತೇನೆ. ಜಿಲ್ಲಾಸ್ಪತ್ರೆಯಲ್ಲಿ ಈ ಜನರಿಗೆ ಒಂದು ದಿನ ಗೊತ್ತು ಮಾಡಿ ಮೂತ್ರ ಪರೀಕ್ಷೆ ಮಾಡಿಸಿ. ಪಾದರಸದ ಹೊಗೆ ಮೈಗೆ ಸೇರಿದ್ದು ಮೂತ್ರದಲ್ಲಿ ಗೊತ್ತಾಗುತ್ತದೆ. ನಮ್ಮಪ್ಪನಿಗೆ ಆ ಪರೀಕ್ಷೆ ಬರೆದುಕೊಡುವುದು ಯಾರಿಗೂ ಹೊಳೆಯಲಿಲ್ಲ. 'ವಯಸ್ಸಾಯ್ತಲ್ಲ' ಅಂದರು.

ಅಪ್ಪನ ಅಂಗಡಿಯ ನೆಲ ಸಗಣಿ ಸಾರಿಸಿದ ಮಣ್ಣಿನ ನೆಲ. ಕಳೆದ ವರ್ಷ ಟೈಲ್ಸ್ ಹಾಕಿಸೋಕೆ ಅಂತ ಅಗೆಸಿದೆವು. ಅಗ್ಗಿಷ್ಟಿಕೆ ಇದ್ದ ಜಾಗದಲ್ಲಿ ಗೇಣುದ್ದ ಕೆಳಗೆ, ಮಣ್ಣಿನ ಸಂದಿಯಲ್ಲಿ, ಸಾಸಿವೆ ಕಾಳಿನಷ್ಟು ಹೊಳೆಯುವ ಮೂರು ಹನಿ ಕಂಡವು. ಬೆರಳು ತಾಗಿಸಿದರೆ ಜಾರಿದವು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು.

ಆ ಮಣ್ಣನ್ನು ಎಸೆಯಲು ಮನಸ್ಸಾಗಲಿಲ್ಲ. ಎಸೆಯುವುದಾದರೂ ಎಲ್ಲಿಗೆ? ಗಾಜಿನ ಬಾಟಲಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ, ದಿನಾಂಕ ಬರೆದು ಇಟ್ಟಿದ್ದೇನೆ. ಪರೀಕ್ಷೆಗೆ ಮೊದಲ ಮಾದರಿ ಅದೇ ಆಗಲಿ. ಯಾವ ದಿನ, ಯಾವ ಕಚೇರಿಗೆ ತರಬೇಕು ಅಂತ ತಿಳಿಸಿ.

ಇಂತಿ,
ದಾವಣಗೆರೆಯ ಒಬ್ಬ ಅಕ್ಕಸಾಲಿಯ ಮಗ